ಅಚ್ಚಿನ ಸಾವ್ಕಾರ

ಗಂಗಾವತಿಯ ರೈಸ್ ಮಿಲ್ಲುಗಳ ಸಾಲಿನಲ್ಲಾಗಲಿ, ಕುಷ್ಟಗಿಯ ಹೈವೇ ದಂಡೆಯಲ್ಲಾಗಲಿ, ಯಲಬುರ್ಗಾದ ಬಸ್‌ಸ್ಟ್ಯಾಂಡಿನ ಹಿಂದಾಗಲಿ, ಗ್ಯಾರೇಜು ಎಂಬುದೊಂದು ಇದ್ದರೆ ಅದರ ಮುಂದಿನ ಹಳೇ ಟೈರಿನ ಮೇಲೆ ಇವನು ಕುಂತಿರುತ್ತಾನೆ. ಮಾಲಕನಲ್ಲ, ಮಿಸ್ತ್ರಿಯಲ್ಲ. ಗಿರಾಕಿ ಎನ್ನೋಣವೆಂದರೆ, ಗಿರಾಕಿಯಾದವನು ಗಾಡಿ ರಿಪೇರಿಯಾದ ಮೇಲೆ ಮನೆಗೆ ಹೋಗುತ್ತಾನೆ. ಇವನ ಪಿಕಪ್ಪು ಅಲ್ಲಿಗೆ ಬಂದಿರುವುದು ಪುನರ್ಜನ್ಮಕ್ಕೆ.

ಅಚ್ಚಿನ ಸಾವ್ಕಾರ ಎಂದರೆ ಕೊಪ್ಪಳ ಜಿಲ್ಲೆಯಲ್ಲೆಲ್ಲ ಗುರುತು ಸಿಗುತ್ತದೆ. ಯಾರಾದರೂ ಹೊಸ ಗಾಡಿ ತಂದರೆ ಜನ ಬಣ್ಣ ನೋಡುತ್ತಾರೆ, ಮೈಲೇಜು ಕೇಳುತ್ತಾರೆ, ಪೇಡೆ ತಿನ್ನುತ್ತಾರೆ. ಸಾವ್ಕಾರ ಟವೆಲ್ಲು ಹಾಸಿ ಮಲಗಿ ಮುಂದಿನ ಬಂಪರಿನ ಕೆಳಗೆ ತಲೆ ಹಾಕುತ್ತಾನೆ. ಸ್ವಲ್ಪ ಹೊತ್ತಿಗೆ ಕೆಳಗಿನಿಂದಲೇ ಧ್ವನಿ ಬರುತ್ತದೆ: "ಪೇಡೆ ಯಾಕ ಹಂಚಾಕತ್ತೀರಿ? ಮುಂದ ಅಚ್ಚ ಇಲ್ಲ ಇದಕ."

ಅವನು ಹುಡುಕುವುದು ಎಡಗಾಲಿಯಿಂದ ಬಲಗಾಲಿಗೆ ಅಡ್ಡಲಾಗಿ ಹೋದ ಒಂದೇ ಕಬ್ಬಿಣದ ತೊಲೆಯನ್ನು. ಟಾಟಾ ಜೆನಾನ್ ಇರಲಿ, ಇಸುಜು ಡಿ-ಮ್ಯಾಕ್ಸ್ ಇರಲಿ, ಟೊಯೊಟಾ ಹೈಲಕ್ಸ್ ಇರಲಿ, ಮುಂದೆ ಅದಿಲ್ಲ. ಒಂದೊಂದು ಗಾಲಿಗೂ ಬೇರೆ ಬೇರೆ ವಿಶ್‌ಬೋನು, ಬೇರೆ ಬೇರೆ ಬಾಲ್ ಜಾಯಿಂಟು. ಎಡಗಾಲಿ ತಗ್ಗಿಗೆ ಇಳಿದರೆ ಬಲಗಾಲಿಗೆ ಸುದ್ದಿ ಮುಟ್ಟುವುದಿಲ್ಲ. ಕಂಪನಿಯವರು ಇದಕ್ಕೆ ಸುಖ ಎನ್ನುತ್ತಾರೆ. ಸಾವ್ಕಾರ ಕೇಳುತ್ತಾನೆ: "ಅಣ್ಣ ಬಿದ್ದದ್ದು ತಮ್ಮಗ ಗೊತ್ತಾಗಲಿಲ್ಲಂದ್ರ ಅದೆಂಥಾ ಮನಿರಿ?" ಅವನ ಸ್ವಂತ ತಮ್ಮ ಬೇರೆ ಮನೆ ಮಾಡಿ ಬಹಳ ವರ್ಷವಾಯಿತು, ಆ ಮಾತು ಬೇರೆ.

ಸಾವ್ಕಾರನನ್ನು ಪೂರ್ತಿ ತಳ್ಳಿಹಾಕುವಂತೆಯೂ ಇಲ್ಲ. ಒಂದೂವರೆ ಟನ್ನು ತಾಳುವ ಗಾಡಿಗೆ 75 ಕೆಜಿಯ ಭತ್ತದ ಚೀಲ ಹೇರಿದರೆ 20ಕ್ಕೆ ಲೆಕ್ಕ ಮುಗಿಯಬೇಕು. ತುಂಗಭದ್ರಾ ಎಡದಂಡೆ ಕಾಲುವೆಯ ಬಯಲಲ್ಲಿ ಸುಗ್ಗಿಯ ಹೊತ್ತಿಗೆ 20 ಚೀಲದ ಪಿಕಪ್ಪನ್ನು ಖಾಲಿ ಗಾಡಿ ಎಂದೇ ಕರೆಯುತ್ತಾರೆ. ಅದರ ಮೇಲೆ ಕಾಲುವೆ ದಂಡೆಯ ದಾರಿ, ಯಲಬುರ್ಗಾ ಕಡೆ ಹೋದರೆ ಮಳೆ ಬಿದ್ದ ಎರೆಹೊಲ. ಬಾಲ್ ಜಾಯಿಂಟು ಕಿತ್ತಿತೆಂದರೆ ಗಾಲಿ ಹೊರಗೆ ವಾಲಿ ಗಾಡಿ ಮಂಡಿಯೂರುತ್ತದೆ, ಸಾಮಾನು ದೂರದ ಪೇಟೆಯಿಂದ ಬರಬೇಕು. ಅಚ್ಚಿನ ಗಾಡಿಯ ಪಾಟಾ, ಅಂದರೆ ಲೀಫ್ ಸ್ಪ್ರಿಂಗು, ಕಟ್ಟಾದರೆ ಊರ ಕುಲುಮೆಯವನೇ ಹೊಂದಿಸಿ ಕೊಟ್ಟಾನು. ಕಬ್ಬಿಣದ ಅಚ್ಚು ಬಾಗುವುದಕ್ಕೆ ಮೊದಲು ರಸ್ತೆ ಬಾಗುತ್ತದೆ ಎಂಬುದು ಸಾವ್ಕಾರನ ಸಿದ್ಧಾಂತ. ನಮ್ಮ ಕೆಲವು ರಸ್ತೆಗಳನ್ನು ನೋಡಿದರೆ ಅದಕ್ಕೆ ಪುರಾವೆಯೂ ಇದೆ.

ಚರಿತ್ರೆಯೂ ಅವನ ಕಡೆಗೇ. ವಿಲ್ಲೀಸ್ ಜೀಪು, ಮಹೀಂದ್ರಾದ ಹಳೇ ಜೀಪು, ಮಾರುತಿ ಜಿಪ್ಸಿ, ಎಲ್ಲಕ್ಕೂ ಮುಂದೆ ಅಚ್ಚೇ. 2023ರಲ್ಲಿ ಬಂದ ಜಿಮ್ನಿಗೂ ಹಿಂದೆ ಮುಂದೆ ಅಚ್ಚಿದೆ ಎಂದು ತಿಳಿದ ದಿನ ಗ್ಯಾರೇಜಿನ ಹುಡುಗರಿಗೆಲ್ಲ ಮಂಡಾಳ ಒಗ್ಗರಣಿ, ಮಿರ್ಚಿ ಕೊಡಿಸಿದ. ಟೊಯೊಟಾ ಕಂಪನಿ ಅಮೆರಿಕದಲ್ಲಿ ಮಾರುತ್ತಿದ್ದ ಫೋರ್ ಬೈ ಫೋರ್ ಪಿಕಪ್ಪಿನ ಮುಂದಿನ ಅಚ್ಚನ್ನು 1986ರ ಮಾದರಿಯಿಂದ ತೆಗೆದುಹಾಕಿತು. ಅಲ್ಲಿನ ಹಟಮಾರಿಗಳು ಇವತ್ತಿಗೂ ಹೊಸದನ್ನು ಕಿತ್ತು ಹಳೆಯದನ್ನು ಕೂಡಿಸುತ್ತಾರೆ. ಅವರ ವಿಡಿಯೊಗಳೇ ಸಾವ್ಕಾರನ ಪುರಾಣಶ್ರವಣ. ಇಂಗ್ಲಿಷು ಬಾರದಿದ್ದರೇನು, ಗ್ಯಾಸ್ ಕಟರಿನ ಸದ್ದು ತಿಳಿಯುತ್ತದೆ. ಆನೆಗೊಂದಿಯ ಹಿರಿಯರು ವಿಜಯನಗರ ಬಿದ್ದ 1565 ಎನ್ನುವ ಧಾಟಿಯಲ್ಲೇ ಇವನು 1986 ಎನ್ನುತ್ತಾನೆ.

ಕಡೆಗೊಂದು ದಿನ ಹೊಸಪೇಟೆಯ ಗುಜರಿಯಿಂದ ಹಳೇ ಜೀಪಿನ ಮುಂದಿನ ಹೌಸಿಂಗ್ ಟಂಟಂ ಹತ್ತಿ ಬರುತ್ತದೆ. ಅರಿಷಿಣ ಕುಂಕುಮ ಹಚ್ಚಿ, ಕಾಯಿ ಒಡೆದು ಇಳಿಸುತ್ತಾರೆ. ಅಲ್ಲಿಂದ ಮಿಸ್ತ್ರಿಯ ಕಷ್ಟ ಶುರು. ಮೊದಲಿಗೆ ಅಗಲ ಹೊಂದುವುದಿಲ್ಲ. ಜೀಪಿನ ಅಚ್ಚು ಗಿಡ್ಡ, ಪಿಕಪ್ಪಿನ ಮೈ ಅಗಲ. ಮುಂದಿನ ಗಾಲಿಗಳು ಮಡ್‌ಗಾರ್ಡಿನೊಳಗೆ ಸಾಲಗಾರರಿಗೆ ಹೆದರಿ ಅಡಗಿದಂತೆ ಕಾಣುತ್ತವೆ. ಆಮೇಲೆ ಹಲ್ಲಿನ ಲೆಕ್ಕ. ಕ್ರೌನು-ಪಿನಿಯನ್ನಿನ ಅನುಪಾತ ಹಿಂದೆ ಮುಂದೆ ಒಂದೇ ಇರಬೇಕು. ಹಳೇ ವಿಲ್ಲೀಸ್ ವಂಶದ ಜೀಪಿನದು 5.38, ಪಿಕಪ್ಪಿನದು ಬೇರೆ. ಹಾಗೇ ಕೂಡಿಸಿ ಫೋರ್ ಬೈ ಫೋರ್ ಹಾಕಿದರೆ ಮುಂದಿನ ಗಾಲಿಯ ಓಟವೇ ಬೇರೆ, ಹಿಂದಿನದರ ಓಟವೇ ಬೇರೆ, ನಡುವೆ ಸಿಕ್ಕ ಟ್ರಾನ್ಸ್‌ಫರ್ ಕೇಸು ಹಲ್ಲು ಕಡಿಯುತ್ತದೆ. "ಫೋರ್ ಬೈ ಫೋರ್ ಹಾಕೂದ ಬ್ಯಾಡ ಬಿಡು" ಎನ್ನುತ್ತಾನೆ ಸಾವ್ಕಾರ. ಮತ್ತ್ಯಾಕ ಇದೆಲ್ಲ ಎಂದು ಕೇಳುವಷ್ಟು ಎಳೆಯನಲ್ಲ ಮಿಸ್ತ್ರಿ. ಕೂಲಿ ದಿನದ ಲೆಕ್ಕಕ್ಕೆ ಮಾತಾಗಿದೆ.

ಚಾಸಿಗೆ ಹ್ಯಾಂಗರ್ ವೆಲ್ಡ್ ಮಾಡುವ ದಿನ ಓಣಿಯೇ ನೆರೆಯುತ್ತದೆ. ವೆಲ್ಡಿಂಗ್ ವಿಷಯದಲ್ಲಿ ಸಾವ್ಕಾರ ಯಾರ ಮಾತೂ ಕೇಳುವವನಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟು ಕೊಚ್ಚಿಹೋದಾಗ ಇಡೀ ಸೀಮೆ ಬೆಳೆಯ ಚಿಂತೆಯಲ್ಲಿದ್ದರೆ, ಇವನು ತನಗೆ ಫೋನು ಬರಲಿಲ್ಲವೆಂದು ಮುನಿಸಿಕೊಂಡು ಟೈರಿನ ಮೇಲೆ ಕುಂತಿದ್ದ.

ಕ್ಯಾಸ್ಟರ್ ಎಂಬ ಕೋನವೊಂದಿದೆ. ಗಾಲಿ ತಿರುಗುವ ಕಿಂಗ್‌ಪಿನ್ನಿನ ಮೇಲ್ತುದಿ ತುಸು ಹಿಂದಕ್ಕೆ ವಾಲಿರಬೇಕು, ಆಗ ಸ್ಟೀರಿಂಗು ತಾನಾಗಿ ನೆಟ್ಟಗಾಗುತ್ತದೆ. ಕಣ್ಣಂದಾಜಿನ ಮೇಲೆ ಕೂಡಿಸಿದ ಅಚ್ಚಿಗೆ ಆ ಕೋನ ದಕ್ಕುವುದು ದೈವೇಚ್ಛೆ. ಟ್ರಯಲ್ಲಿಗೆಂದು ಕೊಪ್ಪಳದ ಹತ್ತಿರ 67ನೇ ಹೆದ್ದಾರಿ ಹತ್ತಿ ವೇಗ ಅರವತ್ತು ಮುಟ್ಟಿದಾಗ ಒಂದು ಸಣ್ಣ ತಗ್ಗು ಸಿಕ್ಕರೆ ಸಾಕು, ಮುಂದಿನ ಎರಡೂ ಗಾಲಿ ಥರಥರ ನಡುಗತೊಡಗುತ್ತವೆ. ಸ್ಟೀರಿಂಗು, ಡ್ಯಾಶ್‌ಬೋರ್ಡಿನ ಮೇಲಿನ ಗವಿಸಿದ್ಧೇಶ್ವರರ ಫೋಟೊ, ಪಕ್ಕದಲ್ಲಿ ಕುಂತ ಮಿಸ್ತ್ರಿಯ ದವಡೆ, ಎಲ್ಲ ಒಂದೇ ತಾಳಕ್ಕೆ. ಗಾಡಿ ನಿಂತ ಮೇಲೆಯೇ ನಡುಕ ನಿಲ್ಲುವುದು. ಸಾವ್ಕಾರ ಬೆವರೊರೆಸಿಕೊಂಡು "ಈಗ ಗಾಡಿಗೆ ಜೀವ ಬಂತು ನೋಡು" ಎನ್ನುತ್ತಾನೆ. ಅಣ್ಣ ಬಿದ್ದದ್ದು ಈಗ ತಮ್ಮನಿಗಷ್ಟೇ ಏಕೆ, ಡ್ರೈವರನ ಬೆನ್ನುಹುರಿಗೂ ಗೊತ್ತಾಗುತ್ತಿದೆ.

ಈ ಅಚ್ಚನ್ನು ಬಹಿರಂಗವಾಗಿ ವಿರೋಧಿಸಿದವರು ಹಮಾಲರು ಮಾತ್ರ. ಅಚ್ಚು, ಪಾಟಾ ಬಂದು ಮೂತಿ ಮೇಲೆದ್ದಿತು. ಅದಕ್ಕೆ ಸಮ ಮಾಡಲು ಸಾವ್ಕಾರ ಹಿಂದೆಯೂ ಬ್ಲಾಕು ಕೊಟ್ಟು ಎತ್ತಿಸಿದ. ಚೀಲ ಹಾಕುವ ಹಲಗೆ ಒಂದು ಗೇಣು ಮೇಲೆ ಹೋಯಿತು. 75 ಕೆಜಿ ಬೆನ್ನ ಮೇಲಿದ್ದವನಿಗೆ ಒಂದು ಗೇಣು ಸಣ್ಣ ಮಾತಲ್ಲ. "ಸಾವ್ಕಾರ್ರ, ಇದು ಪಿಕಪ್ಪೋ ಅಟ್ಟೋ? ಚೀಲಕ್ಕ ಎರಡ ರೂಪಾಯಿ ಜಾಸ್ತಿ ಇಡ್ರಿ" ಎಂದರು. ಇಟ್ಟ. ಸಿದ್ಧಾಂತಕ್ಕೆ ಬೆಲೆ ತೆರಬೇಕಲ್ಲ.

ಕಾನೂನಿಗೆ ಮಾತ್ರ ಎರಡು ರೂಪಾಯಿ ಸಾಲದು. ಕಂಪನಿ ಕೊಟ್ಟ ಮೂಲ ವಿವರಕ್ಕೆ ಹೊಂದದ ಹಾಗೆ ಗಾಡಿ ಬದಲಿಸಕೂಡದು ಎನ್ನುತ್ತದೆ 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು. ಕೇರಳದಿಂದ ಹೋದ ಪ್ರಕರಣವೊಂದರಲ್ಲಿ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಎಂಟು ವರ್ಷ ದಾಟಿದ ಸರಕು ಗಾಡಿಗೆ ವರ್ಷವರ್ಷವೂ ಎಫ್‌ಸಿ ಆಗಬೇಕು. ಕೆಎ-37 ನಂಬರಿನ ಉಳಿದ ಗಾಡಿಗಳು ತೊಳೆದು ಬಣ್ಣ ಬಳಿದುಕೊಂಡು ಸಾಲಿಗೆ ನಿಂತರೆ, ಸಾವ್ಕಾರನದು ಹೊಲದ ಕೊಟ್ಟಿಗೆಯಲ್ಲಿ ಕಣಿಕೆ ಬಣವೆಯ ಮರೆಗೆ ಆರಾಮಿಲ್ಲದೆ ಮಲಗಿರುತ್ತದೆ. ವಿಮೆಯ ಮಾತನ್ನಂತೂ ಅವನ ಮುಂದೆ ಎತ್ತಬೇಡಿ.

ಇಷ್ಟೆಲ್ಲ ಯಾತಕ್ಕೆ ಎಂದರೆ ಹಿರೇಬೆಣಕಲ್ಲಿನ ಗುಡ್ಡದ ಕಡೆ ಕೈ ತೋರಿಸುತ್ತಾನೆ. ಮೋರೇರ ಮನೆಗಳೆಂದು ಜನ ಕರೆಯುವ ನೂರಾರು ಬೃಹತ್ ಶಿಲಾ ಗೋರಿಗಳಿವೆಯಲ್ಲ, ಅಲ್ಲಿಗೆ ಗಾಡಿಯಲ್ಲೇ ಹತ್ತಬೇಕಂತೆ. ಎರಡು ಸಾವಿರ ವರ್ಷಕ್ಕೂ ಹಿಂದೆ ಆ ಚಪ್ಪಡಿಗಳನ್ನು ನಿಲ್ಲಿಸಿದವರು ನಡೆದೇ ಓಡಾಡಿದರು, ಇಂದಿಗೂ ಅಲ್ಲಿಗೆ ನಡೆದೇ ಹೋಗಬೇಕು. ಪಿಕಪ್ಪು ಸದ್ಯಕ್ಕೆ ಮಿಲ್ಲಿನಿಂದ ಗೋದಾಮಿಗೆ, ಗೋದಾಮಿನಿಂದ ಮಿಲ್ಲಿಗೆ, ಡಾಂಬರು ರಸ್ತೆಯ ಮೇಲೆ, ನಲವತ್ತು ದಾಟದೆ ಓಡುತ್ತಿದೆ.

ಮುಂದೆ ಕಬ್ಬಿಣದ ಅಚ್ಚೂ ಪಾಟಾವೂ ಇರುವ ಸರಕು ಗಾಡಿ ಬೇಕೆನ್ನುವವರು ಗುಜರಿಗೆ ಹೋಗಬೇಕಿಲ್ಲ. ಟಾಟಾ ಏಸ್ 2005ರಲ್ಲಿ ಪೇಟೆಗೆ ಬಂದದ್ದೇ ಅವೆರಡನ್ನೂ ಹಾಕಿಕೊಂಡು. ಸಾವ್ಕಾರನ ತಮ್ಮನ ಹತ್ತಿರ ಅಂಥವು ಎರಡಿವೆ.