ದಗ್ಧಗಂಧ ಮೀಮಾಂಸೆ

ವಿಘ್ನನಿವಾರಕನು ಡ್ಯಾಷ್‌ಬೋರ್ಡಿನ ಮೇಲೆ ಸದಾ ಅಂಟಿಕೊಂಡೇ ಕೂತಿರುವುದರಿಂದ ಈ ಗ್ರಂಥಕ್ಕೆ ಬೇರೆ ಮಂಗಳಾಚರಣೆ ಬೇಕಿಲ್ಲವೆಂದು ನಿಶ್ಚಯಿಸಿ ನೇರವಾಗಿ ವಿಷಯಕ್ಕೆ ಇಳಿಯಲಾಗಿದೆ. ವಿಷಯ, ಸಂಶಯ, ಪೂರ್ವಪಕ್ಷ, ಸಿದ್ಧಾಂತ, ಸಂಗತಿ ಎಂದು ಮೀಮಾಂಸಕರು ಅಧಿಕರಣಕ್ಕೆ ಐದು ಅಂಗಗಳನ್ನು ಹೇಳುತ್ತಾರೆ. ಸಣ್ಣ ಕಾರಿನಲ್ಲೂ ಐದೇ ಸೀಟು ಇರುವುದು ಆಕಸ್ಮಿಕವಲ್ಲವೆಂದು ಪ್ರಬಂಧಕಾರನ ನಂಬಿಕೆ.

ವಿಷಯವಿದು. ವಿಜಯದಶಮಿಯ ಮರುದಿನ ಬೆಳಿಗ್ಗೆ ಸರಸ್ವತಿಪುರಂನಿಂದ ಹೊರಟು, ತಾವರೆಕಟ್ಟೆ ದಾಟಿ, ಚಾಮುಂಡಿ ಬೆಟ್ಟ ಏರುತ್ತಿದ್ದ ಹಳೆಯ ಕಾರೊಂದರಲ್ಲಿ ಸುಟ್ಟ ವಾಸನೆ ಉತ್ಪನ್ನವಾಯಿತು. ಒಳಗಿದ್ದವರು ಭಾವ, ಅಕ್ಕ, ಅಕ್ಕನ ಅತ್ತೆ, ಅಕ್ಕನ ಮಗ ಮತ್ತು ಹಿಂದಿನ ಸೀಟಿನ ನಟ್ಟನಡುವೆ ಮೊಣಕಾಲು ಮಡಚಿಕೊಂಡು ಪ್ರಬಂಧಕಾರ. ಸ್ಟಿಯರಿಂಗ್ ಭಾವನ ಕೈಯಲ್ಲಿತ್ತು, ಉಳಿದದ್ದೆಲ್ಲ ಅಕ್ಕನ ಕೈಯಲ್ಲಿ.

"ರೀ, ಏನೋ ಸೀಯ್ತಿದೆ."

"ನಂಗೇನೂ ಬರ್ತಿಲ್ವಲ್ಲ."

ಮೋಟಾರು ಯುಗದ ದಗ್ಧಗಂಧ ವಾಙ್ಮಯವೆಲ್ಲ ಈ ಎರಡು ವಾಕ್ಯಗಳ ಭಾಷ್ಯವೇ. ಎರಡನೆಯದಕ್ಕೆ ಶೂನ್ಯವಾದವೆಂದು ಹೆಸರು. ಅದನ್ನು ಹಸಿ ಸುಳ್ಳೆಂದು ತಳ್ಳಿಹಾಕುವಂತಿಲ್ಲ. ಮೂಗಿನಲ್ಲಿ ವಾಸನೆ ಹಿಡಿಯುವ ಗ್ರಾಹಕಗಳ ವಂಶವಾಹಿಗಳನ್ನು ಪತ್ತೆಹಚ್ಚಿದ ರಿಚರ್ಡ್ ಆಕ್ಸೆಲ್ ಮತ್ತು ಲಿಂಡಾ ಬಕ್ ಅವರಿಗೆ 2004ರಲ್ಲಿ ನೊಬೆಲ್ ಬಂತು. ಮನುಷ್ಯರಲ್ಲಿ ಕೆಲಸ ಮಾಡುವ ಅಂಥ ಗ್ರಾಹಕಗಳು ಸುಮಾರು 400 ಬಗೆಯವು. ಇಷ್ಟಿದ್ದೂ ಒಂದೇ ವಾಸನೆ ಕೆಲವು ನಿಮಿಷ ಬಿಡದೆ ಬಂದರೆ ಮೂಗು ಅದನ್ನು ಲೆಕ್ಕಕ್ಕೇ ಇಡುವುದಿಲ್ಲ. ರಿಪೇರಿಯ ದುಡ್ಡು ಯಾರ ಜೇಬಿನಿಂದ ಹೋಗಬೇಕೋ ಅವರ ಮೂಗು ಇನ್ನೂ ಬೇಗ ಸುಸ್ತಾಗುತ್ತದೆ ಎಂಬುದು ಇದರ ಮೇಲೆ ಅಕ್ಕ ಬರೆದ ವಾರ್ತಿಕ.

ಶಾಸ್ತ್ರ ಏನನ್ನುತ್ತದೆ? ಮೈಸೂರಿನಲ್ಲಿದ್ದುಕೊಂಡು ಈ ಪ್ರಶ್ನೆ ಕೇಳದಿರುವುದು ಊರಿಗೇ ಅವಮಾನ. 1876ರಿಂದ ತರ್ಕ ವೇದಾಂತಗಳ ಪಾಠ ನಡೆದುಬಂದ ಮಹಾರಾಜ ಸಂಸ್ಕೃತ ಕಾಲೇಜು ಇಲ್ಲಿದೆ. 1891ರ ಓರಿಯಂಟಲ್ ಲೈಬ್ರರಿ ಇಲ್ಲಿದೆ. ಅಲ್ಲಿಯ ತಾಳೆಗರಿಗಳಲ್ಲೇ ಆರ್. ಶಾಮಶಾಸ್ತ್ರಿಗಳಿಗೆ ಕೌಟಿಲ್ಯನ ಅರ್ಥಶಾಸ್ತ್ರ ಸಿಕ್ಕಿ, 1909ರಲ್ಲಿ ಅಚ್ಚಾಯಿತು. ಆ ಕೌಟಿಲ್ಯ ರಥಾಧ್ಯಕ್ಷನ ಕೆಲಸಗಳನ್ನು ಹೇಳಿದ್ದಾನೆ. 1025ರ ಸುಮಾರಿಗೆ ಕನ್ನಡದಲ್ಲಿ ಲೋಕೋಪಕಾರ ಬರೆದ ಚಾವುಂಡರಾಯ ಸುಗಂಧದ್ರವ್ಯಗಳ ತಯಾರಿಯನ್ನು ಹೇಳಿದ್ದಾನೆ. ಒಬ್ಬನಿಗೆ ಗಾಡಿ ಗೊತ್ತು, ಇನ್ನೊಬ್ಬನಿಗೆ ವಾಸನೆ ಗೊತ್ತು. ಗಾಡಿಯ ವಾಸನೆಯ ವಿಷಯದಲ್ಲಿ ಇಬ್ಬರೂ ಮೌನ.

ಕೈಹಿಡಿದದ್ದು ತರ್ಕಶಾಸ್ತ್ರ. 17ನೇ ಶತಮಾನದ ಅನ್ನಂಭಟ್ಟನ ತರ್ಕಸಂಗ್ರಹವನ್ನು ಪಾಠ ಮಾಡಿದವರಿಗೆ ಗೊತ್ತಿರುವಂತೆ, ಗಂಧವೆಂಬ ಗುಣ ಪೃಥ್ವಿಗೆ ಮಾತ್ರ ಸೇರಿದ್ದು. ನೀರಿಗೂ ಗಾಳಿಗೂ ಸ್ವಂತ ವಾಸನೆಯಿಲ್ಲ. ಗಾಳಿಯಲ್ಲಿ ವಾಸನೆ ಬಂತೆಂದರೆ ಯಾವುದೋ ಪಾರ್ಥಿವ ವಸ್ತುವಿನ ಕಣಗಳು ಅದರೊಳಗೆ ಸೇರಿವೆ ಎಂದೇ ಲೆಕ್ಕ. ಆದ್ದರಿಂದ ಏಸಿ ಕಿಂಡಿಯಿಂದ ಮುಖಕ್ಕೆ ಬಡಿಯುತ್ತಿದ್ದದ್ದು ಬರೀ ವಾಸನೆಯಲ್ಲ, ಕಾರಿನದೇ ಯಾವುದೋ ಭಾಗದ ಪುಡಿ. ಇದನ್ನು ವಿವರಿಸಿ ಹೇಳಿದಾಗ ಭಾವ ಏಸಿ ಆಫ್ ಮಾಡಿದರು.

ಅದೇ ಶಾಸ್ತ್ರದ ಸುಪ್ರಸಿದ್ಧ ಅನುಮಾನ ಎಲ್ಲರಿಗೂ ಗೊತ್ತು: ಬೆಟ್ಟದ ಮೇಲೆ ಹೊಗೆ ಕಂಡರೆ ಅಲ್ಲಿ ಬೆಂಕಿಯಿದೆ ಎನ್ನಬೇಕು. ಅಡುಗೆಮನೆ ಅದಕ್ಕೆ ದೃಷ್ಟಾಂತ, ಕೆರೆ ಅದಕ್ಕೆ ವಿರುದ್ಧ ದೃಷ್ಟಾಂತ. ಬೇರೆ ಊರಿನ ವಿದ್ಯಾರ್ಥಿಗಳು ಇವನ್ನೆಲ್ಲ ಊಹಿಸಿಕೊಳ್ಳಬೇಕು. ನಮಗೆ ಚಾಮುಂಡಿ ಬೆಟ್ಟವಿದೆ, ಕುಕ್ಕರಹಳ್ಳಿ ಕೆರೆಯಿದೆ, ದೋಸೆ ಹಂಚು ಒಲೆಯ ಮೇಲೇ ಉಳಿಯಿತೇ ಎಂದು ದಾರಿಯುದ್ದಕ್ಕೂ ಚಿಂತೆಗೆ ಕಾರಣವಾದ ಅಕ್ಕನ ಅಡುಗೆಮನೆಯೂ ಇದೆ. ಇಲ್ಲದ್ದು ಹೊಗೆಯೊಂದೇ. ಹೊಗೆಯಿಲ್ಲದ ಬರೀ ವಾಸನೆಯಿಂದ ಬೆಂಕಿಯನ್ನು ಅನುಮಾನಿಸಬಹುದೇ? ಇದೇ ಸಂಶಯ.

ಇನ್ನು ಪೂರ್ವಪಕ್ಷಗಳು. ಡ್ರೈವಿಂಗ್ ಕ್ಲಾಸಿಗೆ ಆಗಷ್ಟೇ ಸೇರಿದ್ದ ಅಕ್ಕನ ಮಗ ಕ್ಲಚ್ ಪಂಥದ ಆಚಾರ್ಯ. "ಅಪ್ಪ ಹಾಫ್ ಕ್ಲಚ್ಚಲ್ಲೇ ಬೆಟ್ಟ ಹತ್ತಿಸ್ತಾರೆ, ಪ್ಲೇಟ್ ಸುಡ್ತಿದೆ." ಪೆಡಲಿನ ಮೇಲೆ ಕಾಲಿಟ್ಟೇ ಏರು ಹತ್ತಿಸಿದರೆ ಪ್ಲೇಟು ಪೂರ್ತಿ ಕಚ್ಚಿಕೊಳ್ಳದೆ ಫ್ಲೈವೀಲಿಗೆ ಉಜ್ಜಿ, ಅದರ ಲೈನಿಂಗ್ ಕಮಟು ವಾಸನೆ ಕೊಡುವುದು ನಿಜ. ಆಷಾಢ ಶುಕ್ರವಾರಗಳಂದು ಖಾಸಗಿ ವಾಹನಗಳನ್ನು ಬೆಟ್ಟಕ್ಕೆ ಬಿಡದೆ, ಜನರನ್ನು ಬಸ್ಸಿನಲ್ಲಿ ಕಳಿಸುವುದರಿಂದ ಎಷ್ಟು ಕ್ಲಚ್ ಪ್ಲೇಟುಗಳಿಗೆ ಆಯುಷ್ಯ ಸಿಕ್ಕಿದೆಯೋ ದೇವಿಗೇ ಗೊತ್ತು. ಆದರೆ ಪ್ಲೇಟು ಹೋಗುತ್ತಿದ್ದರೆ ಎಂಜಿನ್ ಅಬ್ಬರಿಸಬೇಕು, ಗಾಡಿ ಎಳೆಯಬಾರದು. ಇಲ್ಲಿ ಗಾಡಿ ಲಕ್ಷಣವಾಗಿ ಎಳೆಯುತ್ತಿತ್ತು. ಹೇತು ಬಿದ್ದುಹೋಯಿತು.

ಅತ್ತೆಯವರದು ವೈರಿಂಗ್ ಪಂಥ. "ವೈರ್ ಸುಡ್ತಿದೆ ಕಣೋ. ಅರಮನೇನೇ ಸುಟ್ಟುಹೋದ ಊರಿದು, ನಿನ್ನ ಕಾರು ಯಾವ ಲೆಕ್ಕ? ನಿಲ್ಸು, ಇಳಿದುಬಿಡೋಣ." ಇತಿಹಾಸ ಅವರ ಪರವಾಗಿತ್ತು. 1897ರಲ್ಲಿ ರಾಜಕುಮಾರಿ ಜಯಲಕ್ಷಮ್ಮಣ್ಣಿಯವರ ಮದುವೆಯ ಸಂದರ್ಭದಲ್ಲೇ ಹಳೆಯ ಮರದ ಅರಮನೆ ಬೆಂಕಿಗೆ ಆಹುತಿಯಾಯಿತು. ಹೆನ್ರಿ ಇರ್ವಿನ್ ರೂಪಿಸಿದ ಈಗಿನ ಅರಮನೆ ಮುಗಿದದ್ದು 1912ರಲ್ಲಿ. ಆದರೂ ಹಾರ್ನ್, ಲೈಟ್, ವೈಪರ್ ಎಲ್ಲ ಸರಿಯಿದ್ದವು, ಫ್ಯೂಸ್ ಹೋಗಿರಲಿಲ್ಲ. ಈ ಪಂಥವನ್ನು ಖಂಡಿಸಲು ಅಷ್ಟೇ ಸಾಲದು. ಯಾಕೆಂದರೆ ವಾಸನೆಯಲ್ಲಿ ಪ್ಲಾಸ್ಟಿಕ್ಕಿನ ಘಾಟು ಇತ್ತು. ಅದು ಎಲ್ಲಿಂದ ಬಂತೆಂದು ಸಿದ್ಧಾಂತದಲ್ಲಿ ನೋಡೋಣ.

ಮೂಗು ಮುಚ್ಚಿಕೊಂಡು ಶೂನ್ಯವಾದವನ್ನು ಸಮರ್ಥಿಸುವುದು ಕಷ್ಟವಾದಾಗ ಭಾವ ಬಾಹ್ಯಾರ್ಥವಾದಕ್ಕೆ ಮತಾಂತರವಾದರು. ವಾಸನೆ ಇದೆ, ಆದರೆ ಅದು ಕಾರಿನದಲ್ಲ, ಊರಿನದು. ಗ್ರಂಥದಲ್ಲಿ ಹೆಚ್ಚು ಗೌರವಕ್ಕೆ ಪಾತ್ರವಾದ ಪೂರ್ವಪಕ್ಷ ಇದೇ. ಏಕೆಂದರೆ ಮೈಸೂರು ವಾಸನೆಯಿಂದಲೇ ಹೆಸರಾದ ಊರು. ಇಲ್ಲಿಯ ಅಗರಬತ್ತಿಗೂ ಮಲ್ಲಿಗೆಗೂ ಗಂಧದೆಣ್ಣೆಗೂ ಭೌಗೋಳಿಕ ಸೂಚಕದ ಮಾನ್ಯತೆಯಿದೆ. ಬೀದಿಬೀದಿಯಲ್ಲಿ ಕಾಫಿಬೀಜ ಹುರಿಯುತ್ತಾರೆ. ಗಾಳಿ ಆ ಕಡೆಯಿಂದ ಬೀಸಿದರೆ ವಿದ್ಯಾರಣ್ಯಪುರಂನ ಸೂಯೆಜ್ ಫಾರಂ ತಾನೂ ಇದ್ದೇನೆಂದು ಹೇಳುತ್ತದೆ. ಬೆಳಗಾಗುತ್ತಿದ್ದಂತೆ ಒಣಗಿದೆಲೆ ಗುಡ್ಡೆಗೆ ಯಾರೋ ಬೆಂಕಿ ಇಟ್ಟಿರುತ್ತಾರೆ. "ಅದೂ ಅಲ್ಲದೆ ನಿನ್ನೆ ಬನ್ನಿಮಂಟಪದಲ್ಲಿ ಪಂಜಿನ ಕವಾಯತು ನೋಡಿದ್ವಲ್ಲ, ನಿನ್ನ ಸೀರೆಗೇ ಹಿಡಿದಿರುತ್ತೆ" ಎಂದರು ಭಾವ. ಸೀರೆ ಒಗೆದದ್ದೆಂದು ಅಕ್ಕ ಒಂದೇ ಮಾತಿನಲ್ಲಿ ಆ ವಾದವನ್ನು ಮುಗಿಸಿದಳು. ಅದಲ್ಲದೆ ಊರು ಕೆಳಗೆ ಉಳಿದು, ಊರಿನ ವಾಸನೆ ಮಾತ್ರ ಬೆಟ್ಟದ ತಿರುವು ತಿರುವಿಗೂ ಜೊತೆ ಬರುವುದಕ್ಕೆ ದೃಷ್ಟಾಂತ ಎಲ್ಲೂ ಸಿಗದು.

ಬ್ರೇಕ್ ಪಂಥ ಹುಟ್ಟಿದ್ದು ಬೆಟ್ಟದ ಮೇಲೆ, ಗಾಡಿ ನಿಲ್ಲಿಸುವ ಜಾಗದಲ್ಲಿ, ಯಾರೂ ಕೇಳದಿದ್ದರೂ ಬಂದು ನಿಂತ ಮಹನೀಯರೊಬ್ಬರಿಂದ. ಕಾರು ಕೆಟ್ಟಲ್ಲಿ ಇಂಥವರು ಅಯೋನಿಜರಾಗಿ ಅವತರಿಸುತ್ತಾರೆ. "ಬ್ರೇಕ್ ಹಿಡ್ಕೊಂಡಿದೆ ಸಾರ್, ಗ್ಯಾರಂಟಿ." ಏರುವಾಗಲೇ ಹುಟ್ಟಿದ ವಾಸನೆಗೆ ಇಳಿಯುವಾಗಿನ ಬ್ರೇಕು ಕಾರಣವಾಗದು. ಕಾರ್ಯಕ್ಕಿಂತ ಮೊದಲು ಕಾರಣ ಇರಬೇಕು. ಹ್ಯಾಂಡ್‌ಬ್ರೇಕ್ ಅರ್ಧ ಎಳೆದಿತ್ತೇನೋ ಎಂದರೆ ಅದೂ ಇರಲಿಲ್ಲ. ಚಕ್ರಗಳ ಹತ್ತಿರ ಕೈ ಹಿಡಿದು ನೋಡಿದರೆ ನಾಲ್ಕೂ ಒಂದೇ ಬಿಸಿ. ಬ್ರೇಕ್ ಹಿಡಿದಿದ್ದರೆ ಒಂದು ಚಕ್ರ ಉಳಿದವಕ್ಕಿಂತ ಹೆಚ್ಚು ಕಾದಿರಬೇಕು.

ಆದರೂ ಇಳಿಯುವವರ ಉಪಯೋಗಕ್ಕೆ ಒಂದು ಲೆಕ್ಕ ಇಲ್ಲಿ ಸೇರಿಸುವುದು ಪ್ರಬಂಧಕಾರನ ಹಟ. ಬೆಟ್ಟ ಊರಿನ ಮಟ್ಟದಿಂದ ಸುಮಾರು 300 ಮೀಟರ್ ಎತ್ತರ. ಜನ ಕೂತ ಸಣ್ಣ ಕಾರಿನ ತೂಕ ಒಂದು ಟನ್ ಎಂದಿಟ್ಟುಕೊಂಡರೂ, ಕೆಳಗೆ ಬರುವಷ್ಟರಲ್ಲಿ ಅದು ಸುಮಾರು 30 ಲಕ್ಷ ಜೂಲ್ ಶಕ್ತಿಯನ್ನು ಎಲ್ಲಾದರೂ ಬಿಟ್ಟುಕೊಡಲೇಬೇಕು. ತಣ್ಣೀರು ಒಂಬತ್ತು ಲೀಟರಿನಷ್ಟನ್ನು ಕುದಿಸಲು ಅಷ್ಟು ಸಾಕು. ಪೆಟ್ರೋಲ್ ಉಳಿಸುತ್ತೇನೆಂದು ನ್ಯೂಟ್ರಲ್ಲಿನಲ್ಲಿ ಇಳಿಯುವವರು ಆ ಕಾವಿನ ಬಹುಪಾಲನ್ನು ಬ್ರೇಕಿನ ತಲೆಗೆ ಕಟ್ಟುತ್ತಾರೆ. ಎರಡನೇ ಗೇರಿನಲ್ಲಿ ಇಳಿದರೆ ಎಂಜಿನ್ನೇ ಅದರಲ್ಲಿ ದೊಡ್ಡ ಪಾಲು ಹೊರುತ್ತದೆ. ಪ್ರಕೃತ ವಿಷಯಕ್ಕೆ ಇದು ಸಂಬಂಧಿಸಿಲ್ಲ, ಆದರೆ ಸಂಬಂಧವಿಲ್ಲದ್ದನ್ನು ವಿಸ್ತರಿಸದೆ ಯಾವ ಪಾಂಡಿತ್ಯವೂ ಪೂರ್ತಿಯಾಗದು.

ಸಿದ್ಧಾಂತ ಸಿಕ್ಕಿದ್ದು ಬೆಟ್ಟ ಇಳಿದ ಮೇಲೆ, ಹಬ್ಬದ ರಜೆಯಲ್ಲೂ ಅರ್ಧ ಬಾಗಿಲು ತೆರೆದಿದ್ದ ಗ್ಯಾರೇಜೊಂದರಲ್ಲಿ. ಮೆಕ್ಯಾನಿಕ್ ಯಾವ ಪಂಥದವನೂ ಅಲ್ಲ. ಆತ ಮೂಸಿ ನೋಡಲಿಲ್ಲ, ಯಾರ ವಾದವನ್ನೂ ಕೇಳಲಿಲ್ಲ. ಬಾನೆಟ್ ಎತ್ತಿ, ಟಾರ್ಚ್ ಬಿಟ್ಟು, ಉದ್ದನೆಯ ಸ್ಕ್ರೂಡ್ರೈವರಿನಿಂದ ಕರಕಲಾದ ಏನನ್ನೋ ಮೀಟಿ ತೆಗೆದ.

"ಇಲ್ಲಿಗ್ ಹಾರ ಹಾಕಿದ್ಯಾರು ಸಾರ್?"

ಆಯುಧಪೂಜೆಯ ದಿನ ಕಾರಿನ ಮುಂದೆ ಬಾಳೆಕಂದು ಕಟ್ಟಿ, ಚಕ್ರಕ್ಕೆ ನಿಂಬೆಹಣ್ಣು ಇಟ್ಟು, ಬೂದುಗುಂಬಳ ಒಡೆದ ಮೇಲೆ, ನಿಜವಾಗಿ ದುಡಿಯುವುದು ಒಳಗಿರುವ ಎಂಜಿನ್ ತಾನೇ ಎಂದು ಅತ್ತೆಯವರು ಬಾನೆಟ್ ಎತ್ತಿಸಿ ಅದಕ್ಕೂ ಕುಂಕುಮವಿಟ್ಟು ಚೆಂಡುಹೂವಿನ ಹಾರ ಏರಿಸಿದ್ದರು. ತತ್ವತಃ ಇದರಲ್ಲಿ ಲೋಪವೇನೂ ಇಲ್ಲ. ಆ ಹಾರ ಕುಲುಕಾಟಕ್ಕೆ ಜಾರಿ, ಎಂಜಿನ್ನಿನ ಹೊಗೆ ಹೊರಹೋಗುವ ಮ್ಯಾನಿಫೋಲ್ಡಿನ ಮೇಲೆ ಬಿದ್ದಿತ್ತು. ಗಾಡಿ ಓಡುವಾಗ ಅದು ನೂರಾರು ಡಿಗ್ರಿ ಕಾಯುತ್ತದೆ. ಹೂವು ಸುಟ್ಟು ಒಣಗಿದೆಲೆಯ ವಾಸನೆ ಕೊಟ್ಟಿತು, ಹಾರ ಕಟ್ಟಿದ್ದ ಪ್ಲಾಸ್ಟಿಕ್ ದಾರ ಕರಗಿ ವೈರಿನ ವಾಸನೆ ಕೊಟ್ಟಿತು.

ಇನ್ನು ತರ್ಕದ ಗೆಲುವನ್ನು ನೋಡಿ. ಹೊಗೆಯಿದ್ದಲ್ಲಿ ಬೆಂಕಿಯಿದೆ ಎನ್ನಬಹುದು, ಆದರೆ ಬೆಂಕಿಯಿದ್ದಲ್ಲೆಲ್ಲ ಹೊಗೆಯಿದೆ ಎನ್ನುವಂತಿಲ್ಲವೆಂದು ನೈಯಾಯಿಕರು ಹಿಂದೆಯೇ ಎಚ್ಚರಿಸಿದ್ದಾರೆ. ಅವರು ಕೊಡುವ ಉದಾಹರಣೆ ಕೆಂಪಗೆ ಕಾದ ಕಬ್ಬಿಣದ ಗುಂಡು. ಅದರಲ್ಲಿ ಬೆಂಕಿಯಿದೆ, ಹೊಗೆಯಿಲ್ಲ. ಹೊಗೆ ಏಳಬೇಕಾದರೆ ಆ ಬೆಂಕಿಗೆ ಹಸಿ ಉರುವಲು ತಗಲಬೇಕು. ಇದನ್ನು ಅವರು ಉಪಾಧಿ ಎನ್ನುತ್ತಾರೆ. ಮ್ಯಾನಿಫೋಲ್ಡು ಕಾದ ಕಬ್ಬಿಣದ ಗುಂಡಲ್ಲದೆ ಮತ್ತೇನು? ಕಾರೆಂದರೆ ಒಳಗೆ ಯಾವಾಗಲೂ ಬೆಂಕಿ ಉರಿಯುತ್ತಿರುವ ಗಾಡಿಯೇ. ಬೆಂಕಿ ಎಲ್ಲಿದೆ ಎಂದು ಐದು ಜನ ಬೆಟ್ಟದುದ್ದಕ್ಕೂ ಕಚ್ಚಾಡಿದರು. ಕೇಳಬೇಕಾದದ್ದು ಉರುವಲು ಯಾವುದು ಎಂದು. ಟ್ಯಾಪೆಟ್ ಕವರಿನ ಪ್ಯಾಕಿಂಗ್ ಬಿಟ್ಟು ತೊಟ್ಟಿಕ್ಕಿದ ಆಯಿಲ್ಲೋ, ರಸ್ತೆಯಿಂದ ಹಾರಿ ಸೈಲೆನ್ಸರಿಗೆ ಅಂಟಿದ ಪ್ಲಾಸ್ಟಿಕ್ ಚೀಲವೋ, ಇಲಿ ಗೂಡು ಕಟ್ಟಲು ಎಳೆದುತಂದ ತೆಂಗಿನನಾರೋ, ದೇವರ ಹಾರವೋ. ಮೆಕ್ಯಾನಿಕ್ ತರ್ಕಸಂಗ್ರಹ ಓದಿರದಿದ್ದರೂ ಅನ್ನಂಭಟ್ಟನ ನೇರ ಶಿಷ್ಯನೆಂದು ಈ ಗ್ರಂಥ ಒಪ್ಪುತ್ತದೆ. ಆತ ದುಡ್ಡು ತೆಗೆದುಕೊಳ್ಳಲಿಲ್ಲವಾದ್ದರಿಂದ ಭಾವನ ಮೂಗೂ ಆ ಕ್ಷಣದಿಂದ ಕೆಲಸ ಶುರುಮಾಡಿತು.

ಉಳಿದದ್ದು ಸಂಗತಿ, ಅದು ಓದುಗರಿಗೆ. ಆಯುಧಪೂಜೆಯ ಮರುದಿನ ಕೀ ತಿರುಗಿಸುವ ಮುಂಚೆ ಬಾನೆಟ್ ಒಳಗಿನ ಹೂವೆಲ್ಲ ತೆಗೆಯಿರಿ. ಎಂಜಿನ್ನಿಗೆ ಕುಂಕುಮದ ಬೊಟ್ಟೇ ಸಾಕು. ವಾಸನೆ ವೈರಿನದೆಂಬ ಅನುಮಾನ ಬಂದರಂತೂ ಯಾವ ಪಂಥದ ವಾದವೂ ಬೇಡ, ಅತ್ತೆಯವರ ಮಾತನ್ನೇ ಕೇಳಿ: ಗಾಡಿ ಬದಿಗೆ ಹಾಕಿ, ಎಂಜಿನ್ ಆಫ್ ಮಾಡಿ, ಎಲ್ಲರನ್ನೂ ಇಳಿಸಿ ದೂರ ನಿಲ್ಲಿ. ಹೊಗೆ ಕಂಡರೆ ಬಾನೆಟ್ ಪೂರ್ತಿ ಎತ್ತಬೇಡಿ, ಗಾಳಿ ನುಗ್ಗಿದರೆ ಉರಿ ಭುಗಿಲೇಳುತ್ತದೆ. ಅಗ್ನಿಶಾಮಕ ದಳದ ನಂಬರ್ 101. 112ಕ್ಕೆ ಮಾಡಿದರೂ ಬರುತ್ತಾರೆ.