ಬರ್ಲಿ, ಬರ್ಲಿ, ಬರ್ಲಿ...

ಬೆಳೆಯುವ ಮಕ್ಕಳಿಗೆ ಕಾರು ಕೊಡಿಸಬಾರದು ಎಂಬ ವಿಷಯದ ಮೇಲೆ ನಾನು ಮದುವೆಮನೆಗಳಲ್ಲಿ ಎರಡನೇ ಪಂಕ್ತಿ ಏಳುವವರೆಗೂ ಮಾತಾಡುತ್ತಿದ್ದೆ. ಆಗ ಮಗಳಿಗೆ ಹದಿನೇಳು. ಅದು ಇನ್ನೊಬ್ಬರ ಮಕ್ಕಳಿಗೆ ಅನ್ವಯಿಸುವ ಮಾತು ಎಂದು ಈಗ ಹೆಂಡತಿಗೆ ಎಷ್ಟು ಬಿಡಿಸಿ ಹೇಳಿದರೂ ತಲೆಗೆ ಹೋಗುವುದಿಲ್ಲ.

ಹದಿನೆಂಟು ತುಂಬಿತು, ಎಲ್ಲೆಲ್ಲಾರ್ ಆಯಿತು, ಡಿಎಲ್ಲೂ ಬಂತು. ಮಗಳು ಕಾರು ಕೇಳಲೇ ಇಲ್ಲ. ಕೇಳಿದ್ದರೆ ‘ನಮ್ಮಪ್ಪ ನನಗೆ ಕೊಡಿಸಿದ್ದು ಅಣ್ಣ ತುಳಿದು ಬಿಟ್ಟ ಸೈಕಲ್ಲು’ ಎಂದು ಶುರುಮಾಡಲು ಭಾಷಣ ಸಿದ್ಧವಿತ್ತು. ಕಾದು ಕಾದು ಸಾಕಾಗಿ, ನಾನೇ ಹೋಗಿ ಒಂದು ಸೆಕೆಂಡ್‌ಹ್ಯಾಂಡ್ ಆಲ್ಟೊಗೆ ಅಡ್ವಾನ್ಸ್ ಕೊಟ್ಟು ಬಂದೆ.

“ಬಸ್ಸು ಫ್ರೀ ಇದೆಯಲ್ರೀ, ಆಧಾರ್ ತೋರಿಸಿದ್ರೆ ಸರ್ಕಾರಾನೇ ಕರ್ಕೊಂಡ್ ಹೋಗತ್ತೆ” ಅಂದಳು ಹೆಂಡತಿ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದಾಗಿನಿಂದ ಈ ಮನೆಯಲ್ಲಿ ಟಿಕೆಟ್ ತೆಗೆಯುವವನು ನಾನೊಬ್ಬನೇ.

ಪೂಜೆಯಾಯಿತು, ಚಕ್ರದಡಿ ನಿಂಬೆಹಣ್ಣು ಅಪ್ಪಚ್ಚಿಯಾಯಿತು. ಇನ್ನು ಕಾರನ್ನು ರಿವರ್ಸಿನಲ್ಲಿ ಗೇಟಿನೊಳಕ್ಕೆ ತರಬೇಕು. ಸ್ಟಿಯರಿಂಗಿನಲ್ಲಿ ಮಗಳು, ಹಿಂದೆ ನಾನು. ಹಿಮ್ಮುಖ ಬರುವ ಗಾಡಿ ಕಂಡರೂ ‘ಬರ್ಲಿ, ಬರ್ಲಿ’ ಎನ್ನದೆ ಸುಮ್ಮನಿರಬಲ್ಲ ಗಂಡಸು ಮೈಸೂರಿನಲ್ಲಿ ಹುಟ್ಟಿಲ್ಲ. ಎದುರುಮನೆಯ ನಿವೃತ್ತ ಎಂಜಿನಿಯರು ಪಂಚೆ ಎತ್ತಿ ಕಟ್ಟಿಕೊಂಡು ಬಂದು, “ಲೆಫ್ಟು ಪೂರಾ ಕಟ್ ಮಾಡಮ್ಮ” ಅಂದರು. ತರಕಾರಿಯವನು ತಳ್ಳುಗಾಡಿ ನಡುರಸ್ತೆಯಲ್ಲೇ ಬಿಟ್ಟು, “ಅಕ್ಕ, ರೈಟು, ರೈಟು” ಎಂದು ಕೂಗಿದ. ಇಸ್ತ್ರಿಯವನು ಯಾರದೋ ಅಂಗಿಯ ತೋಳು ಹಿಡಿದುಕೊಂಡೇ ಓಡಿಬಂದು, “ಸೀದಾ ಬಿಡಿ” ಎಂದು ತೀರ್ಪು ಕೊಟ್ಟ. ನಾನು ಮಧ್ಯೆ ನಿಂತು, ಎಷ್ಟು ಜಾಗ ಉಳಿದಿದೆ ಎಂದು ಕೈಯಲ್ಲಿ ಅಳತೆ ತೋರಿಸುತ್ತ ಬರ್ಲಿ, ಬರ್ಲಿ ಎನ್ನುತ್ತಿದ್ದೆ. ಮೊಳವಿದ್ದದ್ದು ಗೇಣಾಯಿತು. ಬರ್ಲಿ. ಗೇಣು ನಾಲ್ಕು ಬೆರಳಾಯಿತು. ಬರ್ಲಿ. ‘ಸಾಕು’ ಎನ್ನಬೇಕಾದವನೂ ನಾನೇ ಎಂದು ಹೊಳೆಯುವ ಹೊತ್ತಿಗೆ ನನ್ನ ಬೆನ್ನು ತುಳಸಿಕಟ್ಟೆಗೂ ಹೊಟ್ಟೆ ಡಿಕ್ಕಿಗೂ ತಾಗಿ, ಆ ಕಡೆ ಈ ಕಡೆ ಮಿಸುಕುವಂತಿರಲಿಲ್ಲ. ಆಗಲೂ ಬಾಯಿಂದ ಇನ್ನೊಂದು ‘ಬರ್ಲಿ’ ಹೊರಟಿತೆಂದು ಎಂಜಿನಿಯರು ಇವತ್ತಿಗೂ ಪ್ರಮಾಣ ಮಾಡುತ್ತಾರೆ.

ಮಗಳು ಕಾರು ಮುಂದೆ ತೆಗೆದು, ಇಳಿದು ಬಂದು, ನೆರೆದ ಸಭೆಗೆ ಹೇಳಿದಳು: “ಎಲ್ರೂ ಒಳಗೆ ಹೋಗಿ ಒಂದು ಲೋಟ ಕಾಫಿ ಕುಡಿದು ಬರ್ತೀರಾ?” ಹೋದೆವು. ಡಿಕಾಕ್ಷನ್ ಇಳಿಯುವ ಮೊದಲೇ ಕಾರು ಒಳಗೆ ನಿಂತಿತ್ತು. “ಆ್ಯಂಗಲ್ಲು ಸರಿ ಇಲ್ಲ” ಅಂದರು ಎಂಜಿನಿಯರು.

ನನ್ನ ಹುಚ್ಚಾದರೂ ಡಿಎಲ್ ಬಂದ ಮೇಲಿನದು. ನಮ್ಮ ಬೀದಿಯಲ್ಲೇ ಎಂಟನೇ ಕ್ಲಾಸಿನ ಪೋರನ ಕೈಗೆ ಸ್ಕೂಟರಿನ ಕೀ ಕೊಟ್ಟು, “ನಮ್ಮೋನು ಭಾರೀ ಚುರುಕು” ಎಂದು ಬೀಗುವ ಮಹಾನುಭಾವರಿದ್ದಾರೆ. 2019ರ ತಿದ್ದುಪಡಿಯ ಪ್ರಕಾರ ಅಪ್ರಾಪ್ತರು ಗಾಡಿ ಓಡಿಸಿ ಅಪರಾಧ ಮಾಡಿದರೆ ಪೋಷಕರಿಗೆ ಮೂರು ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ. ಹುಡುಗನಿಗೆ ಇಪ್ಪತ್ತೈದಾಗುವವರೆಗೆ ಲೈಸೆನ್ಸೇ ಇಲ್ಲ. ಹೇಳಿದರೆ, “ಇಲ್ಲೇ ಹಾಲಿನ ಬೂತಿಗೆ ತಾನೇ ಸಾರ್” ಎನ್ನುತ್ತಾರೆ. 2024ರ ಮೇ ತಿಂಗಳಲ್ಲಿ ಪುಣೆಯಲ್ಲಿ ಹದಿನೇಳರ ಹುಡುಗನೊಬ್ಬನ ಪೋರ್ಷೆ ಗುದ್ದಿ ಬೈಕಿನಲ್ಲಿದ್ದ ಇಬ್ಬರು ಎಳೆಯ ಎಂಜಿನಿಯರುಗಳು ಸತ್ತರು. ಅವನಿಗೆ ಮೊದಲು ಸಿಕ್ಕ ಜಾಮೀನಿನ ಷರತ್ತುಗಳಲ್ಲಿ ಒಂದು, 300 ಪದಗಳ ಪ್ರಬಂಧ ಬರೆಯುವುದು. ಪ್ರಬಂಧ ಬರೆದೇ ಇಷ್ಟು ವರ್ಷ ಕಳೆದವನು ನಾನು. ಅದಕ್ಕೆ ಎರಡು ಹೆಣಗಳ ತೂಕವಿದೆಯೆಂದು ಒಮ್ಮೆಯೂ ಅನ್ನಿಸಿರಲಿಲ್ಲ. ಆ ಸುದ್ದಿ ಓದಿದ ದಿನ ಪೆನ್ನು ಮುಟ್ಟಲಾಗಲಿಲ್ಲ.

ಇರಲಿ. ಮಗಳ ಕಾಲೇಜಿನಲ್ಲಿ ವಿದ್ಯಾರ್ಥಿಗಳ ಕಾರಿಗೆ ಜಾಗವಿಲ್ಲವಂತೆ. ಪೆಟ್ರೋಲಿನ ದರ ಅವಳಿಗೆ ನನಗಿಂತ ಚೆನ್ನಾಗಿ ಗೊತ್ತು. ಅಲ್ಲದೆ ಸ್ನೇಹಿತೆಯರೆಲ್ಲ ಬಸ್ಸಿನಲ್ಲೇ. ಆದ್ದರಿಂದ ದಿನಾ ಬೆಳಿಗ್ಗೆ ಅವಳು ಕಾರನ್ನು ಬಸ್‌ಸ್ಟಾಪಿನವರೆಗೆ ಓಡಿಸುತ್ತಾಳೆ. ನಾನು ಪಕ್ಕದಲ್ಲಿ ಕೂತಿರುತ್ತೇನೆ. ಅವಳು ಆಧಾರ್ ಕಾರ್ಡು ಹಿಡಿದು ಬಸ್ಸು ಹತ್ತುತ್ತಾಳೆ. ಕಾರು ವಾಪಸು ತರುವ ಕೆಲಸ ನನ್ನದು.

“ಹೋಗ್ಲಿ ಬಿಡಿ, ನಿಮಗೊಂದು ಕೆಲ್ಸ ಆಯ್ತಲ್ಲ” ಅನ್ನುತ್ತಾಳೆ ಹೆಂಡತಿ.