ಕಲ್ಯಾಣಮೂಲ ಮ್ಯಾಸ್ಕಾಟ್: ಅಲ್ಲಗಳೆಯಲಾಗದ ಒಂದು ಸಿದ್ಧಾಂತ

ಬೇಸ್‌ಬಾಲ್ ಮೈದಾನದಲ್ಲಿ ವೇಷ ತೊಟ್ಟು ಕುಣಿಯುವ ಮ್ಯಾಸ್ಕಾಟ್ ಅಮೆರಿಕದ ಕೂಸು ಎಂಬ ಭ್ರಮೆಯನ್ನು ಈ ಪ್ರಬಂಧ ಬುಡಸಮೇತ ಕೀಳುತ್ತದೆ. ಪೂರ್ವಪಕ್ಷದವರ ವಾದ ಇಷ್ಟೇ: 1964ರಲ್ಲಿ ನ್ಯೂಯಾರ್ಕ್ ಮೆಟ್ಸ್ ತಂಡ ಚೆಂಡಿನಂಥ ತಲೆಯ ಮಿಸ್ಟರ್ ಮೆಟ್‌ನನ್ನು ಇಳಿಸಿತು, ದೊಡ್ಡ ಲೀಗಿನಲ್ಲಿ ಅವನೇ ಆದಿಪುರುಷ. ಎಂಟುನೂರು ವರ್ಷ ತಡವಾಗಿ ಬಂದವನು ಆದಿಪುರುಷನಂತೆ! ಬೀದರ ಜಿಲ್ಲೆಯ ನಕಾಶೆ ನೋಡದವರ ಮಾತು.

ಬಸವಕಲ್ಯಾಣದ ಪುರಾವೆಗೆ ಬರೋಣ. ಇಲ್ಲಿಂದ ಆಳಿದ ಚಾಲುಕ್ಯ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದಲ್ಲಿ ‘ಮಾನಸೋಲ್ಲಾಸ’ ಬರೆದು, ನೂರು ಅಧ್ಯಾಯಗಳಲ್ಲಿ ಇಪ್ಪತ್ತನ್ನು ವಿನೋದಕ್ಕೇ ಬಿಟ್ಟುಕೊಟ್ಟ. ಅವುಗಳಲ್ಲೊಂದು ವಾಜಿವಾಹ್ಯಾಲಿ ವಿನೋದ: ಕುದುರೆ ಏರಿದ ಎರಡು ತಂಡ, ಕೈಯಲ್ಲಿ ಕೋಲು, ನೆಲದಲ್ಲಿ ಚೆಂಡು. ಇತಿಹಾಸಕಾರರು ಇದನ್ನು ಪೋಲೊ ಎಂದು ಕರೆದು ಕೈತೊಳೆದುಕೊಂಡಿದ್ದಾರೆ. ಕೋಲಿದೆ, ಚೆಂಡಿದೆ, ಓಟವಿದೆ. ಕುದುರೆಯೊಂದನ್ನು ಕಳೆದರೆ ಉಳಿಯುವುದು ಬೇಸ್‌ಬಾಲ್ ಅಲ್ಲದೆ ಇನ್ನೇನು? ಅದೇ ಸಾಲಿನಲ್ಲಿ ಕೋಳಿಕಾಳಗವೂ ಇದೆ. 1974ರಲ್ಲಿ ಸ್ಯಾನ್ ಡಿಯಾಗೊದ ರೇಡಿಯೊ ಕೇಂದ್ರವೊಂದರ ಪ್ರಚಾರಕ್ಕೆಂದು ಕೋಳಿವೇಷ ಹಾಕಿದ ಟೆಡ್ ಜಿಯಾನೂಲಸ್, ಮುಂದೆ ಬೇಸ್‌ಬಾಲ್ ಮೈದಾನವನ್ನೇ ಆಳಿದ. ಸೋಮೇಶ್ವರನಿಂದ ಟೆಡ್‌ವರೆಗಿನ ಶತಮಾನಗಳಲ್ಲಿ ಈ ಕೋಳಿ ಎಲ್ಲಿ ಕಾವು ಕೂತಿತ್ತು ಎಂದು ಕೇಳುವವರಿಗೆ ಸಂಶೋಧನೆಯ ಶಿಸ್ತು ಗೊತ್ತಿಲ್ಲ.

ಇನ್ನು ವೇಷ. ಅದೇ ಶತಮಾನದ ವಚನಕಾರ ಬಹುರೂಪಿ ಚೌಡಯ್ಯನ ಕಾಯಕ ಬಗೆಬಗೆಯ ವೇಷ ಕಟ್ಟುವುದು. ನಗೆಯ ಮಾರಿತಂದೆಯ ಕಾಯಕ ಜನರನ್ನು ನಗಿಸುವುದು. ಇಬ್ಬರ ಕೆಲಸವನ್ನೂ ಒಬ್ಬನಿಂದ ಒಂದೇ ಸಂಬಳಕ್ಕೆ ಮಾಡಿಸಿಕೊಂಡದ್ದಷ್ಟೇ ಅಮೆರಿಕದ ಕೊಡುಗೆ. (ಅಣಕ ಬಿಟ್ಟು ಹೇಳುವುದಾದರೆ, ವೇಷದವನನ್ನೂ ನಗಿಸುವವನನ್ನೂ ಶರಣರೆಂದು ಎಣಿಸಿ, ಅವರ ವಚನಗಳನ್ನು ಅಲ್ಲಮನ ವಚನಗಳ ಜೊತೆಗೇ ಕಾಪಾಡಿಕೊಂಡ ಪರಂಪರೆ ಸಣ್ಣದಲ್ಲ.) ಅತ್ತ ಮಾಂಟ್ರಿಯಲ್‌ನಲ್ಲಿ ಆದದ್ದೇನು? 1989ರ ಆಗಸ್ಟ್‌ನಲ್ಲಿ ಯೂಪ್ಪಿ ಎಂಬ ಕಿತ್ತಳೆ ಬಣ್ಣದ ಮ್ಯಾಸ್ಕಾಟ್ ಎದುರು ತಂಡದ ಆಟಗಾರರು ಕೂರುವ ಜಾಗದ ಚಾವಣಿ ಮೇಲೆ ಕುಣಿಯಿತೆಂದು, ಆ ತಂಡದ ಮ್ಯಾನೇಜರ್ ಟಾಮಿ ಲಸೋರ್ಡಾ ದೂರಿದ. ಅಂಪೈರ್ ಅದನ್ನು ಹೊರಗಟ್ಟಿದ. ಲಸೋರ್ಡಾನಿಗೂ ಶರಣರ ಕಾಲದ ದೊರೆ ಬಿಜ್ಜಳನಿಗೂ ಹೋಲಿಕೆ ತೆಗೆಯಬೇಡಿರೆಂದು ಹಿತೈಷಿಗಳು ಹೇಳಿದ್ದರಿಂದ ತೆಗೆದಿಲ್ಲ.

ಹುಮನಾಬಾದ್ ಪಂಥದವರು ಇಲ್ಲಿ ತಕರಾರು ಎತ್ತುತ್ತಾರೆ. ಎಲ್ಲವನ್ನೂ ಕಲ್ಯಾಣಕ್ಕೇ ಬರೆದುಕೊಟ್ಟರೆ ನಮ್ಮ ವೀರಭದ್ರೇಶ್ವರನ ಪುರವಂತರೇನು ಕಡಿಮೆಯೇ? ವೇಷವಿದೆ, ಗೆಜ್ಜೆಯಿದೆ, ಖಡ್ಗವಿದೆ. ಒಡಪು ಹೇಳಿದರೆ ಇಡೀ ಬೀದಿ ಎದ್ದು ನಿಲ್ಲುತ್ತದೆ. ಒಪ್ಪಿದೆವು. ಆದರೆ ಮ್ಯಾಸ್ಕಾಟ್ ಎದುರು ಮಕ್ಕಳು ನಗಬೇಕು, ಬಾಲ ಹಿಡಿದು ಜಗ್ಗಬೇಕು. ಪುರವಂತನ ಖಡ್ಗ ಜಗ್ಗುವ ಮಗು ಹುಮನಾಬಾದಿನಲ್ಲಿ ಇನ್ನೂ ಹುಟ್ಟಿಲ್ಲ. ಹೀಗೆ ಆ ಪಂಥ ಖಂಡಿತವಾಯಿತು.

ಖಂಡನೆಯ ಪರಿಹಾರವಾಗಿ ಕ್ಷೇತ್ರಕಾರ್ಯದ ಗೌರವವನ್ನು ಹುಮನಾಬಾದಿಗೇ ಕೊಡಲಾಯಿತು. ಮೊಬೈಲ್ ಅಂಗಡಿಯೊಂದರ ಮುಂದೆ, ಏಪ್ರಿಲ್ ಬಿಸಿಲಲ್ಲಿ, ಕರಡಿವೇಷದವನೊಬ್ಬ ಚೀಟಿ ಹಂಚುತ್ತಿದ್ದ. ನಿಮ್ಮ ವೇಷದ ತಾತ್ವಿಕ ನೆಲೆ ಚೌಡಯ್ಯನದೋ ಮಿಸ್ಟರ್ ಮೆಟ್‌ನದೋ ಎಂದು ಕೇಳಲಾಗಿ, ಕರಡಿಯ ಹೊಟ್ಟೆಯೊಳಗಿನಿಂದ ಉತ್ತರ ಬಂತು: “ಸರ್, ಅದೆಲ್ಲಾ ಹಿಂದಗಡೆ ನೋಡಮು. ಮದ್ಲ ಜಿಪ್ ಎಳೀರಿ, ಉಸುರ್ ಕಟ್ಲತದ.”

ಜಿಪ್ ಎಳೆಯಲಾಯಿತು. ಒಂದು ಚೊಂಬು ನೀರು ಕುಡಿದ ಮೇಲೆ ಅವನೇ ವಿಚಾರಿಸಿದ: “ಬೇಸ್‌ಬಾಲ್ ಅಂದ್ರ ನಮ್ಮ ಚಿನ್ನಿದಾಂಡಿನಂಗ ಏನ್ರಿ?”

ಎರಡನೆಯ ಸಂಪುಟ ಈ ಸಾಕ್ಷ್ಯದ ಮೇಲೆ ಸಿದ್ಧವಾಗುತ್ತಿದೆ.